ಆ 'ಸ್ಲೀಪ್ 30' ಬರೆದವರಾರು?

ನಮ್ಮ ಪುಣೆ ಆಫೀಸಿನ ಹಳೆಯ ಸರ್ವರ್ ಬದಲಿಸುವ ಕೆಲಸ ನನ್ನ ತಲೆಗೆ ಬಿತ್ತು. ಅದರ ಇನಿಟ್ ಸ್ಕ್ರಿಪ್ಟ್‌ನಲ್ಲಿ 'ಸ್ಲೀಪ್ 30' ಎಂಬ ಸಾಲಿತ್ತು. ಯಾರದೋ ಸೋಮಾರಿತನ ಎಂದು ಅದನ್ನು ಕೈಬಿಟ್ಟು, ಹತ್ತೇ ಸಾಲಿನ ಸಿಸ್ಟಮ್‌ಡಿ ಫೈಲ್ ಬರೆದೆ. ಮೊದಲ ರೀಬೂಟ್‌ಗೇ ಸರ್ವಿಸ್ ಏಳಲಿಲ್ಲ. ಐಪಿ ವಿಳಾಸ ಸಿಗುವ ಮುನ್ನವೇ ಓಡಿ ಮುಗ್ಗರಿಸಿತ್ತು. ಆ 30 ಸೆಕೆಂಡು ಇದ್ದದ್ದೇ ಅದಕ್ಕೆ!

ಲಿನಕ್ಸ್‌ನಲ್ಲಿ ಎಲ್ಲಕ್ಕಿಂತ ಮೊದಲೆದ್ದು ಉಳಿದ ಪ್ರೋಗ್ರಾಂಗಳನ್ನು ಎಬ್ಬಿಸುವುದು ಇನಿಟ್, ನಮ್ಮ ಮನೆಯ ಅಜ್ಜಿಯ ಹಾಗೆ. ಹಳೆಯ ಸಿಸ್‌ವಿ ಪದ್ಧತಿಯಲ್ಲಿ ಶೆಲ್ ಸ್ಕ್ರಿಪ್ಟ್‌ಗಳು ಒಂದಾದ ಮೇಲೊಂದು ಓಡುತ್ತಿದ್ದವು. ನಿಧಾನ, ಆದರೆ ತೆರೆದು ಓದಬಹುದಿತ್ತು. 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಪ್ರಕಟಿಸಿದ ಸಿಸ್ಟಮ್‌ಡಿ ಎಲ್ಲವನ್ನೂ ಒಟ್ಟಿಗೆ ಎಬ್ಬಿಸಿತು, ಬಿದ್ದದ್ದನ್ನು ಎತ್ತಿ ನಿಲ್ಲಿಸಿತು. ಬರುಬರುತ್ತಾ ಲಾಗ್, ಲಾಗಿನ್‌ಗಳನ್ನೂ ಸೆರಗಿಗೆ ಕಟ್ಟಿಕೊಂಡಿತು. ಜಗಳ ಹತ್ತಿದ್ದು ಅಲ್ಲಿ.

ಡೆಬಿಯನ್‌ನಲ್ಲಂತೂ ಮನೆಯೇ ಒಡೆಯಿತು. 2014ರ ಫೆಬ್ರವರಿಯಲ್ಲಿ ಎಂಟು ಜನರ ತಾಂತ್ರಿಕ ಸಮಿತಿ ಸಿಸ್ಟಮ್‌ಡಿ ಮತ್ತು ಉಬುಂಟುವಿನ ಅಪ್‌ಸ್ಟಾರ್ಟ್ ನಡುವೆ ಸಮಸಮ ಹಂಚಿಹೋಯಿತು. ಅಧ್ಯಕ್ಷ ಬಿಡೇಲ್ ಗಾರ್ಬಿ ಅವರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಕೆಲವೇ ದಿನಗಳಲ್ಲಿ ಉಬುಂಟು ಕೂಡ ಅದರತ್ತ ವಾಲಿತು. ನವೆಂಬರ್‌ನಲ್ಲಿ ಸಿಸ್ಟಮ್‌ಡಿ ವಿರೋಧಿಸಿದ್ದ ಇಯಾನ್ ಜಾಕ್ಸನ್ ಸಮಿತಿ ಬಿಟ್ಟರು. ಬೆಂಬಲಿಸಿದ್ದ ರಸ್ ಆಲ್ಬೆರಿಯೂ ಬಿಟ್ಟರು! ಒಪ್ಪದವರು 'ಡೆವುವನ್' ಎಂದು ಬೇರೆ ಸಂಸಾರ ಹೂಡಿದರು.

ನಾನು ಸಿಸ್ಟಮ್‌ಡಿ ಬಿಡುವುದಿಲ್ಲ. ನೆಟ್‌ವರ್ಕ್ ಸಿದ್ಧವಾಗುವವರೆಗೆ ಕಾಯಲು ಅದರಲ್ಲಿ ಎರಡು ಸಾಲು ಸಾಕಾಯಿತು. ಆದರೆ ಡೆವುವನ್‌ನವರನ್ನು ಹಳೇ ಕಾಲದವರೆಂದು ನಗುತ್ತಿದ್ದೆನಲ್ಲ, ಅದು ನಿಂತಿದೆ. ಆ ಎರಡು ಸಾಲಿನ ಮೇಲೆ ಕಾಮೆಂಟ್ ಹಾಕಿದ್ದೇನೆ: ಏಕೆ ಕಾಯುತ್ತಿದ್ದೇವೆ ಎಂದು.