ತಾಮ್ರ ಕರಗಿದರಷ್ಟೇ ತಳ ಶುಚಿ

ಜೂನ್ ತಿಂಗಳ ಎರಡನೇ ವಾರ. ಮಲ್ಪೆಯ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ದಡ ಹತ್ತಿದವುಗಳ ಮೇಲೆ ಟಾರ್ಪಾಲಿನ ಮಾಡು. ಮಳೆ ಒಂದು ಗಳಿಗೆ ಹೊಳವಾದರೆ ಸಾಕು, ಆ ಮಾಡಿನ ಅಡಿಯಿಂದ ಕರಕರ ಸದ್ದು ಶುರುವಾಗುತ್ತದೆ. ಕಬ್ಬಿಣದ ಪಟ್ಟಿ ಹಿಡಿದವರು ಬೋಟಿನ ಹೊಟ್ಟೆಯಡಿ ಕುಕ್ಕರಗಾಲಲ್ಲಿ ಕೂತು ಕೆರೆಯುತ್ತಾರೆ. ಬಿಳಿ ಚಿಪ್ಪಿನ ಚೂರು, ಹಸಿರು ಪಾಚಿ, ಒಂದಷ್ಟು ಪಚ್ಚಿಲೆ, ಹಳೆಯ ಬಣ್ಣದ ಕೆಂಪು ಹುಡಿ, ಎಲ್ಲವೂ ಅವರ ಕಾಲಬುಡದಲ್ಲಿ ರಾಶಿ ಬೀಳುತ್ತದೆ. ಅದರ ಕೊಳೆತ ವಾಸನೆ ಮೀನಿನ ವಾಸನೆಯನ್ನೂ ಮೀರಿಸುವಂಥದ್ದು.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಡಲಿ ಎಂದು ಕೊಟ್ಟ ಈ ಬಿಡುವೇ ಬೋಟಿನ ತಳಕ್ಕೂ ಸಿಗುವ ಬಿಡುವು. ಹತ್ತು ತಿಂಗಳು ಯಾರ ಕಣ್ಣಿಗೂ ಬೀಳದೆ ನೀರಿನಲ್ಲಿ ಮುಳುಗಿದ್ದ ಭಾಗ ಈಗಷ್ಟೇ ಬೆಳಕು ಕಾಣುತ್ತದೆ.

ಹಿಂಬದಿಗೆ ಹೋಗಿ ಫ್ಯಾನನ್ನು ನೋಡಿದರೆ ಒಂದು ಒಗಟು ಎದುರಾಗುತ್ತದೆ. ಫ್ಯಾನ್ ಅಂದರೆ ಪ್ರೊಪೆಲ್ಲರ್. ಬಂದರಿನಲ್ಲಿ ಅದನ್ನು ಕರೆಯುವುದೇ ಹಾಗೆ. ಅದು ಕಂಚಿನದು, ಅಂದರೆ ಬಹುಪಾಲು ತಾಮ್ರ. ಬೋಟಿನ ತಳಕ್ಕೆ ಬಳಿಯುವ ಕೆಂಪು ಬಣ್ಣದ ಶಕ್ತಿಯೂ ತಾಮ್ರವೇ. ಆ ಬಣ್ಣ ಚಿಪ್ಪಿನ ಜೀವಿಗಳನ್ನು ದೂರವಿಡುತ್ತದೆ. ಹಾಗಿದ್ದರೆ ಇಡಿಯಾಗಿ ತಾಮ್ರದ ಮಿಶ್ರಲೋಹವೇ ಆದ ಫ್ಯಾನಿನ ಎಲೆಗಳ ಮೇಲೆ, ಅದೂ ನಡುಗುಂಬದ ಸುತ್ತ, ಚಿಪ್ಪು ಇಷ್ಟು ದಟ್ಟವಾಗಿ ಕೂರುವುದು ಹೇಗೆ? ಉತ್ತರ ಇನ್ನೂರು ವರ್ಷದ ಹಿಂದೆಯೇ ಸಿಕ್ಕಿದೆ. ಅದನ್ನು ತೋರಿಸಿಕೊಟ್ಟದ್ದು ನಮ್ಮ ಪಕ್ಕದ ಕೊಚ್ಚಿಯಲ್ಲಿ ಕಟ್ಟಿದ ಒಂದು ಹಡಗು. ಅಲ್ಲಿಗೆ ಹೋಗುವ ಮೊದಲು ಈ ಚಿಪ್ಪಿನ ಒಡೆಯನನ್ನು ತುಸು ಹತ್ತಿರದಿಂದ ನೋಡಬೇಕು.

ಬಾರ್ನಕಲ್ ನೋಡಲು ಸಣ್ಣ ಜ್ವಾಲಾಮುಖಿಯ ಹಾಗಿದೆ. ಸುತ್ತ ಗಟ್ಟಿ ಗೋಡೆ, ತುದಿಯಲ್ಲಿ ಬಾಯಿ. ಚಿಪ್ಪಿದೆಯೆಂದು ಅದನ್ನು ಪಚ್ಚಿಲೆಯ ಬಳಗಕ್ಕೆ ಸೇರಿಸುವಂತಿಲ್ಲ. ಅದು ಸಿಗಡಿ, ಏಡಿಗಳ ನೆಂಟ. 1846ರಿಂದ 1854ರವರೆಗೆ ಎಂಟು ವರ್ಷ ಚಾರ್ಲ್ಸ್ ಡಾರ್ವಿನ್ ಇದೊಂದೇ ಗುಂಪಿನ ಪ್ರಾಣಿಗಳನ್ನು ಕೊಯ್ದು, ಬಿಡಿಸಿ, ಬರೆದಿಟ್ಟ. ಮೊಟ್ಟೆಯಿಂದ ಹೊರಬಂದ ಮರಿ ನೀರಿನಲ್ಲಿ ತೇಲುತ್ತ ಆರು ಹಂತಗಳಲ್ಲಿ ಪೊರೆ ಕಳಚಿ ಬೆಳೆಯುತ್ತದೆ. ಆಮೇಲೆ ಬರುವ ಹಂತದಲ್ಲಿ ಅದು ಏನನ್ನೂ ತಿನ್ನುವುದಿಲ್ಲ. ಅದಕ್ಕಿರುವುದು ಒಂದೇ ಕೆಲಸ: ಜಾಗ ಹುಡುಕುವುದು. ತಲೆಯ ಎರಡು ಮೀಸೆಗಳನ್ನೇ ಕಾಲಾಗಿಸಿಕೊಂಡು ಮೇಲ್ಮೈ ಮೇಲೆ ನಡೆದಾಡಿ ನೋಡುತ್ತದೆ. ಒಪ್ಪಿಗೆಯಾದರೆ ತಲೆಯನ್ನೇ ಊರಿ, ನೀರಿನೊಳಗೇ ಗಟ್ಟಿಯಾಗುವ ಅಂಟು ಸುರಿದು ಕೂತುಬಿಡುತ್ತದೆ. ಮುಂದೆ ಆಯುಷ್ಯವಿಡೀ ಅಲ್ಲೇ, ತಲೆಕೆಳಗಾಗಿ, ಕಾಲುಗಳನ್ನು ಬಲೆಯಂತೆ ಬೀಸಿ ಆಹಾರ ಹಿಡಿಯುತ್ತದೆ. ತನ್ನ ಜಾತಿಯವರು ಮೊದಲೇ ಕೂತಿದ್ದ ಜಾಗದ ಗುರುತು ಈ ಮರಿಗೆ ಹತ್ತುತ್ತದೆ, ಅಲ್ಲಿಗೇ ಹೆಚ್ಚು ಬರುತ್ತದೆ. ಗೋಡೆ ಎದ್ದುಬಂದರೂ ಅಡಿಯ ಬಿಳಿ ಬಿಲ್ಲೆ ಉಳಿಯುವಂತೆ ಕೆರೆದರೆ ಅದು ಅರೆಗೆಲಸ ಆಗುವುದು ಇದಕ್ಕೇ.

ಬಾರ್ನಕಲ್ ಬರುವುದಕ್ಕೂ ಮೊದಲೇ ಬೇರೆಯವರು ಬಂದಿರುತ್ತಾರೆ. ಶುಚಿಯಾದ ತಳ ನೀರಿಗಿಳಿದ ನಿಮಿಷಗಳಲ್ಲೇ ಅದರ ಮೇಲೆ ಸಾವಯವ ಕಣಗಳ ತೆಳು ಪದರ ಕೂರುತ್ತದೆ. ಕೆಲವು ಗಂಟೆಗಳಲ್ಲಿ ಬ್ಯಾಕ್ಟೀರಿಯಾ, ದಿನಗಳಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಕೈಯಿಟ್ಟರೆ ಜಾರುವ ಲೋಳೆ ಅದೇ.

ಲೋಳೆಯೇ ತಾನೆ ಎಂದು ಬಿಡುವ ಹಾಗಿಲ್ಲ. ಅಮೆರಿಕದ ನೌಕಾ ಅಕಾಡೆಮಿಯ ಮೈಕೆಲ್ ಶುಲ್ಟ್ಜ್ 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಯುದ್ಧನೌಕೆಯೊಂದರ ತಳದಲ್ಲಿ ಬರೀ ಲೋಳೆ ಕೂತರೂ ನೀರಿನ ಎಳೆತ 10ರಿಂದ 16 ಶೇಕಡ ಏರುತ್ತದೆ. ಚಿಪ್ಪು ದಟ್ಟವಾದರೆ ವಾಡಿಕೆಯ ವೇಗ ಕಾಯ್ದುಕೊಳ್ಳಲು 86 ಶೇಕಡದವರೆಗೆ ಹೆಚ್ಚು ಶಕ್ತಿ ಬೇಕು. ಆರ್ಲೀ ಬರ್ಕ್ ಎಂಬ ಒಂದೇ ವರ್ಗದ ನೌಕೆಗಳಿಗೆ ಈ ಬೆಳೆಯಿಂದ ವರ್ಷಕ್ಕೆ ಸುಮಾರು 5.6 ಕೋಟಿ ಡಾಲರ್ ಖರ್ಚು ಎಂದು ಅವರದೇ ತಂಡ 2011ರಲ್ಲಿ ಅಂದಾಜಿಸಿತು. ಮಲ್ಪೆಯಲ್ಲಿ ತ್ರಿಸೆವೆಂಟಿ ಎಂದು ಕರೆಯುವ ಆಳಸಮುದ್ರದ ಬೋಟಿಗೂ ಆ ನೌಕೆಗೂ ಗಾತ್ರದಲ್ಲಿ ಹೋಲಿಕೆ ಇಲ್ಲ. ಆದರೆ ನೀರು ತಳವನ್ನು ಹಿಡಿದೆಳೆಯುವ ರೀತಿ ಎರಡಕ್ಕೂ ಒಂದೇ. ಹತ್ತಾರು ದಿನ ಆಳಸಮುದ್ರದಲ್ಲಿರುವ ಬೋಟಿಗೆ ಎಲ್ಲಕ್ಕಿಂತ ದೊಡ್ಡ ಖರ್ಚು ಡೀಸೆಲ್. ಅದನ್ನು ಕಳೆದ ಮೇಲೆ ಉಳಿದದ್ದು ತಾನೆ ಬೋಟು ನಡೆಸುವ ತಂಡೇಲನಿಗೂ ಅವನ ಕೈಕೆಳಗಿನ ಕಲಾಸಿಗಳಿಗೂ ಪಾಲಾಗಿ ಬರುವುದು? ತಳದ ಚಿಪ್ಪು ಕೊನೆಗೆ ತಿನ್ನುವುದು ಆ ಪಾಲನ್ನು.

ಹಾಯಿದೋಣಿಗೆ ಡೀಸೆಲ್ಲಿನ ಚಿಂತೆಯಿಲ್ಲ, ಅದು ದಿನಗಳನ್ನು ಕಳೆದುಕೊಳ್ಳುತ್ತದೆ. 2018ರ ಗೋಲ್ಡನ್ ಗ್ಲೋಬ್ ಓಟದಲ್ಲಿ ಒಬ್ಬಂಟಿಯಾಗಿ, ಎಲ್ಲೂ ದಡ ಸೇರದೆ ಭೂಮಿ ಸುತ್ತಬೇಕಿತ್ತು. ಫಿನ್ಲೆಂಡಿನ ತಾಪಿಯೊ ಲೆಹ್ಟಿನೆನ್ ಅವರ 'ಅಸ್ಟೀರಿಯಾ' ದೋಣಿಯ ತಳಕ್ಕೆ ಕತ್ತುಳ್ಳ ಬಾರ್ನಕಲ್‌ಗಳು ಗೊಂಚಲು ಗೊಂಚಲಾಗಿ ಜೋತವು. ಗೆದ್ದ ಫ್ರಾನ್ಸಿನ ಜ್ಯಾನ್-ಲುಕ್ ವಾನ್ ಡೆನ್ ಹೀಡ್ 212 ದಿನಗಳಲ್ಲಿ ಮರಳಿದರೆ, ಲೆಹ್ಟಿನೆನ್ ದಡ ಮುಟ್ಟಿದ್ದು 322ನೇ ದಿನ.

ಈಗ ತಾಮ್ರದ ಕತೆಗೆ ಬರೋಣ. 1761ರಲ್ಲಿ ಬ್ರಿಟಿಷ್ ನೌಕಾಪಡೆ 'ಅಲಾರ್ಮ್' ಎಂಬ ಹಡಗಿನ ಮರದ ತಳಕ್ಕೆ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸಿಗೆ ಕಳಿಸಿತು. ಮರ ಕೊರೆಯುವ ಹುಳುವನ್ನು ತಡೆಯುವುದು ಮುಖ್ಯ ಉದ್ದೇಶ. ಹುಳುವೂ ಬರಲಿಲ್ಲ, ಚಿಪ್ಪೂ ಕೂರಲಿಲ್ಲ. ಆದರೆ ಮರಳಿ ಬಂದಾಗ ತಳದ ಕಬ್ಬಿಣದ ಮೊಳೆಗಳು ಕೊಳೆತ ಹಿಟ್ಟಾಗಿದ್ದವು. ತಗಡುಗಳನ್ನು ಕಂದು ಕಾಗದದಲ್ಲಿ ಸುತ್ತಿ ತಂದಿದ್ದರು. ಎಲ್ಲಿ ಆ ಕಾಗದ ತಾಮ್ರಕ್ಕೂ ಕಬ್ಬಿಣಕ್ಕೂ ನಡುವೆ ಹರಿಯದೆ ಉಳಿದಿತ್ತೋ ಅಲ್ಲಿ ಮಾತ್ರ ಮೊಳೆ ಗಟ್ಟಿಯಾಗಿತ್ತು. ಉಪ್ಪುನೀರಿನಲ್ಲಿ ಎರಡು ಲೋಹ ಒಂದನ್ನೊಂದು ಮುಟ್ಟಿದರೆ ಒಂದು ಸವೆದು ಇನ್ನೊಂದನ್ನು ಉಳಿಸುತ್ತದೆ. ಆಗ ಅದರ ಕಾರಣ ಯಾರಿಗೂ ಗೊತ್ತಿರಲಿಲ್ಲ.

ಕಾರಣವನ್ನು ಹಿಡಿದವರು ಇಂಗ್ಲೆಂಡಿನ ರಸಾಯನವಿಜ್ಞಾನಿ ಹಂಫ್ರಿ ಡೇವಿ. ತಾಮ್ರದ ತಗಡು ಕೂಡ ಸಮುದ್ರದಲ್ಲಿ ಮೆಲ್ಲಗೆ ಸವೆಯುತ್ತಿತ್ತು, ನೌಕಾಪಡೆಗೆ ಅದು ದುಬಾರಿಯಾಗಿತ್ತು. 1824ರಲ್ಲಿ ಡೇವಿ ಒಂದು ಉಪಾಯ ಹೇಳಿದರು: ತಾಮ್ರಕ್ಕೆ ಸತುವಿನ ಇಲ್ಲವೇ ಕಬ್ಬಿಣದ ತುಂಡು ಜೋಡಿಸಿ, ಸವೆಯುವ ಪಾಲು ಆ ತುಂಡಿಗೆ ಹೋಗಲಿ. ಪ್ರಯೋಗಕ್ಕೆ ಆರಿಸಿದ ಹಡಗುಗಳಲ್ಲಿ ಕೊಚ್ಚಿಯಲ್ಲಿ ತೇಗದಿಂದ ಕಟ್ಟಿದ 'ಸಮರಾಂಗ್' ಒಂದು. ರಸಾಯನಶಾಸ್ತ್ರ ಗೆದ್ದಿತು, ತಾಮ್ರ ಬಹುಮಟ್ಟಿಗೆ ಸವೆಯದೆ ಉಳಿಯಿತು. ಹಡಗು ಮಾತ್ರ ಸೋತಿತು. ಹೀಗೆ ಕಾಪಾಡಿದ ತಾಮ್ರದ ಮೇಲೆ ಪಾಚಿ, ಚಿಪ್ಪುಗಳು ಮುತ್ತಿಕೊಂಡವು. ನೌಕಾಪಡೆ ಆ ತುಂಡುಗಳನ್ನು ತೆಗೆಸಿಹಾಕಿತು.

ತಾಮ್ರ ಇದ್ದರೆ ಸಾಲದು, ಅದು ಕರಗಬೇಕು. ಕರಗಿದ ತಾಮ್ರವೇ ಮರಿಗಳಿಗೆ ವಿಷ.

ಫ್ಯಾನಿನ ಒಗಟು ಬಿಡಿಸಿಕೊಳ್ಳುವುದು ಇಲ್ಲೇ. ಶಾಫ್ಟು, ಚುಕ್ಕಾಣಿ, ಫ್ಯಾನ್ ಇವುಗಳನ್ನು ಉಪ್ಪುನೀರು ತಿನ್ನದಿರಲೆಂದು ಜಿಂಕ್, ಅಂದರೆ ಸತುವಿನ, ಗಟ್ಟಿಗಳನ್ನು ಬಿಗಿದಿರುತ್ತಾರೆ. ಜಿಂಕ್ ಸವೆದು ಕಂಚನ್ನು ಕಾಯುತ್ತದೆ. ಹಾಗೆ ಕಾಯ್ದ ಕಂಚಿನಿಂದ ತಾಮ್ರ ನೀರಿಗೆ ಇಳಿಯುವುದಿಲ್ಲ, ಅದು ಬಾರ್ನಕಲ್‌ಗೆ ಬರೀ ನುಣುಪಾದ ಬಂಡೆ. ಡೇವಿಯ ಹಡಗಿಗೆ ಆದದ್ದೇ ಇಲ್ಲೂ ಆಗುತ್ತದೆ. ಜಿಂಕ್ ತೆಗೆಯೋಣವೆಂದರೆ ಫ್ಯಾನೇ ತೂತು ಬೀಳುತ್ತದೆ. ಎಲೆಗಳಿಗೆ ಬಣ್ಣ ಬಳಿದರೆ ತಿರುಗುವ ರಭಸಕ್ಕೆ ಕಿತ್ತುಹೋಗುತ್ತದೆ. ನುಣುಪಾದ ಸಿಲಿಕೋನ್ ಲೇಪ ಬಂದಿದೆ: ಚಿಪ್ಪು ಕೂತರೂ ಹಿಡಿತ ಸಿಗದೆ, ಫ್ಯಾನ್ ತಿರುಗಿದಾಗ ಜಾರಿಬೀಳುತ್ತದೆ. ವಿಹಾರ ನೌಕೆಗಳಲ್ಲಿ ಅದು ಸಾಮಾನ್ಯ. ಬಲೆ, ಹಗ್ಗ, ಮರಳು ತಾಗುವ ಮೀನುಗಾರಿಕೆ ಬೋಟಿನಲ್ಲಿ ಆ ಮೃದು ಲೇಪ ಬೇಗ ಗಾಯಗೊಳ್ಳುತ್ತದೆ. ಹಾಗಾಗಿ ಫ್ಯಾನಿನ ಮಟ್ಟಿಗೆ ಚೆನ್ನಾಗಿ ಕೆರೆದು, ಉಜ್ಜಿ, ಕನ್ನಡಿಯಂತೆ ಹೊಳೆಯಿಸುವುದೇ ಇಂದಿಗೂ ನೆಚ್ಚಬಹುದಾದ ದಾರಿ. ಫ್ಯಾನಿನ ವಿಸ್ತೀರ್ಣ ಬೋಟಿನ ತಳದ ಒಂದು ಮೂಲೆಯಷ್ಟೂ ಇಲ್ಲ. ಆದರೆ ಇಂಜಿನ್ನಿನ ಪೂರ್ತಿ ಶಕ್ತಿ ನೀರಿಗೆ ಇಳಿಯುವುದು ಆ ಎಲೆಗಳ ಮೂಲಕವೇ. ಅರ್ಧ ದಿನದ ಈ ಕೆಲಸವನ್ನು ನಾಳೆಗೆ ದೂಡುವವರು ನಷ್ಟವನ್ನು ಹತ್ತು ತಿಂಗಳು ಹೊರುತ್ತಾರೆ.

ತಾಮ್ರ ಬರುವ ಮುಂಚೆ ನಮ್ಮ ಕಡಲಿನವರು ಏನು ಮಾಡುತ್ತಿದ್ದರು? ಮರದ ದೋಣಿಗೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಹದಿಮೂರನೇ ಶತಮಾನದ ಪ್ರವಾಸಿ ಮಾರ್ಕೊ ಪೋಲೊ ಹೊರ್ಮುಜ್‌ನ ಹಡಗುಗಳಿಗೆ ಮೀನೆಣ್ಣೆ ಹಚ್ಚುವುದನ್ನು ದಾಖಲಿಸಿದ್ದಾನೆ. ಕೈ ಸುಡುವ ಗೇರೆಣ್ಣೆ ಮರದೊಳಕ್ಕೆ ಇಳಿದು ಹುಳುವನ್ನು ಕೆಲಕಾಲ ತಡೆಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಉಪಾಯ ದೋಣಿಯನ್ನು ಮರಳ ಮೇಲಕ್ಕೆ ಎಳೆಯುವುದು. ನಾಡದೋಣಿಗಳು ಇವತ್ತಿಗೂ ದಡ ಹತ್ತುತ್ತವೆ; ಬಿಸಿಲಿಗೆ ಒಣಗಿದ ತಳದಲ್ಲಿ ಯಾವ ಮರಿಯೂ ಬದುಕದು. ಇನ್ನೊಂದು ಉಪಾಯ ಹೊಳೆ. ಮಳೆಗಾಲದಲ್ಲಿ ಅಳಿವೆಯವರೆಗೂ ಸಿಹಿನೀರು ತುಂಬಿದಾಗ ಸಮುದ್ರದ ಚಿಪ್ಪುಜೀವಿಗಳು ಸಾಯುತ್ತವೆ. ಆದರೆ ಜೀವ ಹೋದರೂ ಅಂಟು ಬಿಡುವುದಿಲ್ಲ, ಕೆರೆಯುವ ಕೆಲಸ ತಪ್ಪುವುದಿಲ್ಲ.

ವಿಷವನ್ನೇ ಹೆಚ್ಚಿಸಿದರಾಯಿತು ಎಂದು ಹೊರಟವರ ಕತೆ ಅಟ್ಲಾಂಟಿಕ್ ತೀರದ್ದು. ತವರ ಬೆರೆಸಿದ ಟಿಬಿಟಿ ಎಂಬ ರಾಸಾಯನಿಕದ ಬಣ್ಣ 1970ರ ದಶಕದಲ್ಲಿ ಮನೆಮಾತಾಯಿತು. ಹಡಗುಗಳ ತಳ ವರ್ಷಗಟ್ಟಲೆ ಶುಚಿಯಾಗಿ ಉಳಿಯಿತು. ಅಷ್ಟರಲ್ಲಿ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿ ಸಾಕುವವರ ಗೋಳು ಶುರುವಾಯಿತು. ಮರಿಗಳು ಹುಟ್ಟಲಿಲ್ಲ, ಬೆಳೆದವುಗಳ ಚಿಪ್ಪು ವಿಕಾರವಾಗಿ ದಪ್ಪಗಟ್ಟಿತು. ಇಂಗ್ಲೆಂಡಿನ ತೀರದ ಹೆಣ್ಣು ಶಂಖದಹುಳುಗಳಿಗೆ ಗಂಡಿನ ಅಂಗ ಮೂಡಿತು. ಲೀಟರು ನೀರಿಗೆ ಒಂದು ನ್ಯಾನೊಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು, ಅಷ್ಟೇ ಸಾಕಾಗಿತ್ತು. ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. ಜಗತ್ತು ಒಪ್ಪಂದ ಮಾಡಿಕೊಂಡದ್ದು 2001ರಲ್ಲಿ, ಅದು ಜಾರಿಗೆ ಬಂದದ್ದು 2008ರಲ್ಲಿ.

ಹೀಗೆ ಮತ್ತೆ ತಾಮ್ರವೇ ಗತಿಯಾಯಿತು. ತಾಮ್ರ ಟಿಬಿಟಿಯಷ್ಟು ಕ್ರೂರವಲ್ಲ. ಆದರೆ ಕರಗಿದ್ದು ಎಲ್ಲಿಗೋ ಹೋಗಲೇಬೇಕಲ್ಲ. ಕುಮಟಾ ಬಳಿಯ ತದಡಿ ಮೀನುಗಾರಿಕೆ ಬಂದರು ಅಘನಾಶಿನಿಯ ಅಳಿವೆಯಲ್ಲಿದೆ. ಅದೇ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟದ ನೀರಿನಲ್ಲಿ ನಿಂತು ಚಿಪ್ಪಿಕಲ್ಲು ಆಯುತ್ತಾರೆ. 2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ನೀರನ್ನು ಸೋಸಿ ತಿನ್ನುವ ಚಿಪ್ಪಿಕಲ್ಲಿಗೆ ತಾಮ್ರ ಬೋಟಿನಿಂದ ಬಂತೋ ಬೇರೆಡೆಯಿಂದ ಬಂತೋ ಎಂಬ ಭೇದವಿಲ್ಲ. ಬೋಟು ನೀರಿನಲ್ಲಿರುವಾಗ ಕರಗುವುದನ್ನು ತಡೆಯಲಾಗದು, ಅದೇ ಅದರ ಕೆಲಸ. ಆದರೆ ದಡದಲ್ಲಿ ಕೆರೆದು ಉದುರಿಸಿದ ಕೆಂಪು ಹುಡಿಯನ್ನು ಮಳೆ ತೊಳೆದು ಹೊಳೆಗೆ ಒಯ್ಯುವುದನ್ನು ಖಂಡಿತ ತಡೆಯಬಹುದು. ಬೋಟಿನಡಿ ಒಂದು ಟಾರ್ಪಾಲು ಹಾಸಿ, ಉದುರಿದ್ದನ್ನು ಚೀಲಕ್ಕೆ ತುಂಬಲು ದೊಡ್ಡ ಯಂತ್ರವೇನೂ ಬೇಡ. ಬಂದರುಗಳಲ್ಲಿ ಆ ಚೀಲ ಇಡಲು ಒಂದು ಜಾಗ ಬೇಕು. ಮೀನುಗಾರಿಕೆಯ ಹೆಸರಿನಲ್ಲಿ ಇಷ್ಟೆಲ್ಲ ಖರ್ಚು ಮಾಡುವ ನಾವು ಇದೊಂದನ್ನು ಮಾಡಲೇಬೇಕು. ಕೆರೆಯುವವರ ಮೂಗು ಬಾಯಿಗೆ ಒಳ್ಳೆಯ ಮಾಸ್ಕೂ ಬೇಕು. ಆ ಹುಡಿ ಮೊದಲು ಹೋಗುವುದು ಅವರ ಶ್ವಾಸಕೋಶಕ್ಕೆ.

ತಳಕ್ಕೆ ಅಂಟಿ ಬರುವ ಜೀವಿಗಳೂ ಒಮ್ಮೊಮ್ಮೆ ಅಪಾಯವೇ. 1999ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ನಗರದ ದೋಣಿದಾಣವೊಂದರಲ್ಲಿ ಅಮೆರಿಕ ಖಂಡದ ಬಿಸಿ ಕಡಲಿನ ಕಪ್ಪುಪಟ್ಟೆ ಪಚ್ಚಿಲೆ ಕೆಲವೇ ತಿಂಗಳಲ್ಲಿ ಕಂಬ, ಸರಪಳಿ, ತಳಗಳನ್ನೆಲ್ಲ ಮುಚ್ಚಿಬಿಟ್ಟಿತು. ಮೂರು ದೋಣಿದಾಣಗಳ ಬಾಗಿಲು ಮುಚ್ಚಿ, ಕ್ಲೋರಿನ್ನೂ ಮೈಲುತುತ್ತೂ ಸುರಿದು, ಒಳಗಿದ್ದ ಜೀವಿಗಳನ್ನೆಲ್ಲ ಕೊಂದು ಅದನ್ನು ಅಳಿಸಬೇಕಾಯಿತು. ಅದೇ ಪಚ್ಚಿಲೆ ಮುಂಬಯಿ, ವಿಶಾಖಪಟ್ಟಣಗಳಲ್ಲಿ ದಶಕಗಳ ಹಿಂದೆಯೇ ನೆಲೆಯೂರಿದೆ.

ಜುಲೈ ಮುಗಿಯುತ್ತ ಬಂದಾಗ ಮಲ್ಪೆಯಲ್ಲಿ ಅವಸರ ಏರುತ್ತದೆ. ಬಣ್ಣದ ಡಬ್ಬಿ ಎತ್ತಿದರೆ ಗಾತ್ರಕ್ಕೆ ಮೀರಿದ ಭಾರ. ಮುಚ್ಚಳ ತೆಗೆದರೆ ಮೇಲೆ ತೆಳು ದ್ರವ, ಅಡಿಯಲ್ಲಿ ಇಟ್ಟಿಗೆ ಕೆಂಪಿನ ಕೆಸರು. ತಾಮ್ರದ ಆಕ್ಸೈಡ್ ಅದೇ. ತಳದಿಂದ ಎತ್ತಿ ಎತ್ತಿ ಕಲಕದೆ ಬಳಿದರೆ ಬೋಟಿನ ಒಂದರ್ಧಕ್ಕೆ ಬರೀ ಬಣ್ಣ, ಇನ್ನರ್ಧಕ್ಕೆ ತಾಮ್ರ. ನೀರಿನ ಗೆರೆ, ಚುಕ್ಕಾಣಿಯ ಅಂಚು, ಮೂತಿ, ಇಲ್ಲೆಲ್ಲ ನೀರಿನ ಉಜ್ಜಾಟ ಹೆಚ್ಚು, ಅದಕ್ಕೆ ಒಂದು ಕೋಟು ಹೆಚ್ಚಿಗೆ. ಉಕ್ಕಿನ ಬೋಟಾದರೆ ಮೊದಲು ತಡೆಯ ಪ್ರೈಮರ್ ಬೀಳಲೇಬೇಕು, ಇಲ್ಲವಾದರೆ ಬಣ್ಣದೊಳಗಿನ ತಾಮ್ರವೇ ಉಕ್ಕನ್ನು ತಿನ್ನತೊಡಗುತ್ತದೆ.

ಕೊನೆಗೆ ಉಳಿಯುವುದು ಆನಿಸಿದ ಮರದ ತುಂಡುಗಳ ಅಡಿಯಲ್ಲಿ ಬಣ್ಣ ಕಾಣದ ಚೌಕಗಳು. ತುಂಡುಗಳನ್ನು ಒಂದೊಂದಾಗಿ ಸರಿಸಿ ಬ್ರಷ್ ಆಡಿಸುತ್ತಾರೆ. ಆ ಚೌಕ ಬಿಟ್ಟುಹೋದರೆ ಮುಂದಿನ ಜೂನಿನಲ್ಲಿ ಅಷ್ಟಗಲದ ಚಿಪ್ಪಿನ ಚಪ್ಪಡಿಯೇ ಸಿಗುತ್ತದೆ. ಆಮೇಲೆ ಒಬ್ಬ ಫ್ಯಾನಿನ ಬಳಿ ಬಗ್ಗಿ, ಜಿಂಕ್ ಗಟ್ಟಿಗೆ ಬಣ್ಣ ತಾಗದಿರಲೆಂದು ಸುತ್ತಿದ್ದ ಹಳೆಯ ಪೇಪರನ್ನು ಹರಿದು ತೆಗೆಯುತ್ತಾನೆ. ಬೂದುಬಿಳಿ ಲೋಹ ಬರಿಮೈಯಲ್ಲಿ ಹೊರಬರುತ್ತದೆ. ಕ್ರೇನಿನ ಪಟ್ಟಿ ಬಿಗಿಯಾಗುತ್ತದೆ.