ಮಾನ್ಯಖೇಟದ ನೆರೆಹೊರೆ

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡು ಮುಗಿಯುವಲ್ಲಿ ತೆಲುಗು ನಾಡು ಮೊದಲಾಗುತ್ತದೆ. ಅಲ್ಲಿಂದ ನೈಋತ್ಯಕ್ಕೆ, ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲಿದೆ ಮಳಖೇಡ. ಇಂದು ಬಹುಮಂದಿ ಅದನ್ನು ಬಲ್ಲುದು ಸಿಮೆಂಟಿನ ಕಾರ್ಖಾನೆಯಿಂದ. ಆದರೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೆಂದರೆ ಈ ಊರೇ. ನೆರೆಯ ರಾಜ್ಯಗಳೊಡನೆ ಬಾಳುವೆ ಹೇಗೆಂಬ ಪ್ರಶ್ನೆಯನ್ನು ಇಲ್ಲಿ ಅರುವತ್ತು ವರ್ಷಗಳಿಗೂ ಮಿಕ್ಕಿ ಎದುರಿಸಿದವನು ಅಮೋಘವರ್ಷ ನೃಪತುಂಗ.

ಕ್ರಿ. ಶ. 814ರಲ್ಲಿ ಪಟ್ಟಕ್ಕೆ ಬಂದಾಗ ಅವನಿನ್ನೂ ಬಾಲಕ. ಕೆಲವೇ ವರ್ಷಗಳಲ್ಲಿ ದಂಗೆಯೆದ್ದು ಸಿಂಹಾಸನವೇ ಕೈತಪ್ಪಿತು. ಗುಜರಾತಿನ ಶಾಖೆಯ ದಾಯಾದಿ ಕರ್ಕನ ನೆರವಿನಿಂದ 821ರ ವೇಳೆಗೆ ಅದು ಮರಳಿ ದೊರೆಯಿತು. ತಾತ ಧ್ರುವ ಹಾಗೂ ತಂದೆ ಮೂರನೆಯ ಗೋವಿಂದ ದಂಡೆತ್ತಿ ಗಳಿಸಿದ ಕೀರ್ತಿಯೊಡನೆ, ಅವರು ಗಳಿಸಿದ ಹಗೆಯೂ ಈ ಹುಡುಗನ ಪಾಲಿಗೆ ಬಂದಿತ್ತು. ಗಂಗರ ದೊರೆ ಎರಡನೆಯ ಶಿವಮಾರನನ್ನು ಧ್ರುವನು ಸೆರೆಯಲ್ಲಿಟ್ಟಿದ್ದ; ಗೋವಿಂದನು ಬಿಡಿಸಿ ಮತ್ತೆ ಹಿಡಿದಿದ್ದ. ಅಂಥ ಅವಮಾನವನ್ನು ಯಾವ ಕುಲ ಮರೆತೀತು?

ಗಂಗರೊಡನೆ ಕಾಳಗ ದಶಕಗಟ್ಟಲೆ ನಡೆಯಿತು. ದಂಡನಾಯಕ ಬಂಕೇಶನು ಗಂಗವಾಡಿಗೆ ನುಗ್ಗಿ ಗೆಲ್ಲುತ್ತಿದ್ದಾಗಲೇ ಒಳಬಂಡಾಯವೆದ್ದು, ದೊರೆಯ ಕರೆಗೆ ಓಗೊಟ್ಟು ಹಿಂದಿರುಗಬೇಕಾಯಿತು. ಕಡೆಗೆ ಅಮೋಘವರ್ಷನು ಮಗಳು ಚಂದ್ರೊಬ್ಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಧಾರೆಯೆರೆದನು. ಇಂಥ ಸಂಬಂಧ ರಾಷ್ಟ್ರಕೂಟರಿಗೆ ಹೊಸದಲ್ಲ. ಧ್ರುವನ ರಾಣಿ ಶೀಲಮಹಾದೇವಿ ವೇಂಗಿಯ ಚಾಲುಕ್ಯರ ಮಗಳು. ಆದರೂ ವೇಂಗಿಯ ಮೇಲಿನ ದಾಳಿ ನಿಂತಿರಲಿಲ್ಲ. ಅಮೋಘವರ್ಷನ ಹಿರಿಮೆಯೆಂದರೆ, ಮದುವೆಯಾದ ಮೇಲೆ ಕತ್ತಿಯನ್ನು ಒರೆಯಲ್ಲಿಯೇ ಇರಗೊಟ್ಟುದು.

ಕಂಚಿಯ ಪಲ್ಲವ ಮೂರನೆಯ ನಂದಿವರ್ಮನ ರಾಣಿ ಶಂಖಾದೇವಿಯೂ ಅವನ ಮಗಳೆಂದು ಇತಿಹಾಸಕಾರರು ಎಣಿಸುತ್ತಾರೆ. ಅವಳ ಮಗನ ಹೆಸರು ನೃಪತುಂಗವರ್ಮ. ಕಂಚಿಯ ಸಿಂಹಾಸನದ ಮೇಲೆ ಮಳಖೇಡದ ತಾತನ ಹೆಸರು! ಕಡಲಾಚೆಯ ಅರಬ್ ವರ್ತಕರಿಗೂ ಈ ರಾಜ್ಯದಲ್ಲಿ ಆದರವಿತ್ತು. ವರ್ತಕ ಸುಲೈಮಾನನ ಹೆಸರಿನಲ್ಲಿ ಉಳಿದಿರುವ 851ರ ಬರಹವು ‘ಬಲ್ಹರ’ನನ್ನು, ಎಂದರೆ ವಲ್ಲಭರಾಜನನ್ನು, ಜಗತ್ತಿನ ನಾಲ್ವರು ಹಿರಿಯ ಅರಸರ ಸಾಲಿನಲ್ಲಿ ನಿಲ್ಲಿಸಿದೆ.

ಪೂರ್ವದ ವೇಂಗಿಯ ಹಗೆ ಮಾತ್ರ ಪೂರ್ತಿ ಆರಲಿಲ್ಲ. ಮಗ ಎರಡನೆಯ ಕೃಷ್ಣನ ಕಾಲದಲ್ಲಿ ಅದು ಮತ್ತೆ ಹೊತ್ತಿಕೊಂಡು, ಗುಣಗ ವಿಜಯಾದಿತ್ಯನ ಸೇನೆ ಕಿರಣಪುರವನ್ನು ಸುಟ್ಟಿತು.

ಗಂಗರ ನಂಟು ಹಾಗಲ್ಲ. ಮುಂದಿನ ತಲೆಮಾರುಗಳಲ್ಲಿಯೂ ಹೆಣ್ಣು ಕೊಟ್ಟು ತಂದು ಬೆಳೆಯಿತು. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡು, ಮರುವರ್ಷ ಸಾಮ್ರಾಜ್ಯವೇ ಕುಸಿದಾಗ, ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ಕನೆಯ ಇಂದ್ರನಿಗೆ ಮತ್ತೆ ಪಟ್ಟ ಕಟ್ಟಲು ಹೆಣಗಿದವನು ಗಂಗರ ಮಾರಸಿಂಹನೇ. ಆ ಇಂದ್ರನು 982ರಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟುದು ಗಂಗರ ನಾಡಿನ ಶ್ರವಣಬೆಳಗೊಳದಲ್ಲಿ.