ಒಡಲ ಬಾಗಿಲ ಕಾವಲುಗಾರ

ತಿರುಪ್ಪೂರಿನಲ್ಲಿ ಬನಿಯನ್ ವ್ಯಾಪಾರದ ಒಂದು ಕೂಡುಕುಟುಂಬವನ್ನು ಕಲ್ಪಿಸಿಕೊಳ್ಳಿ. ಸೊಸೆ ಆರು ತಿಂಗಳ ಬಸುರಿ. ಬಿಳಿ ಸೆರಗು, ತುರಿಕೆ. ಅತ್ತೆಗೆ ಐವತ್ತೆಂಟು ವರ್ಷ. ವರ್ಷದಲ್ಲಿ ಮೂರನೆಯ ಸಲ ಉರಿಮೂತ್ರ. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ. ಅಂಗಡಿ ಹುಡುಗನ ಕೈಗೆ ಚೀಟಿ ಕೊಟ್ಟು ಮಾತ್ರೆ ತರಿಸಿ ನುಂಗುತ್ತಾರೆ. ಸಂಕೋಚ ಇಬ್ಬರದೂ ಒಂದೇ. ಕಾಯಿಲೆ ಬೇರೆಯಾದರೂ ಅದರ ಹಿಂದಿರುವ ಕಾರಣವೂ ಹೆಚ್ಚುಕಡಿಮೆ ಒಂದೇ: ಹೆಣ್ಣಿನ ಹಾರ್ಮೋನುಗಳು.

ಅಂಗಡಿಯ ಬಾಗಿಲಲ್ಲಿ ನಿಂತ ಕಾವಲುಗಾರ ಕಳ್ಳನನ್ನು ತಡೆಯಬೇಕು, ಗಿರಾಕಿಯನ್ನು ಒಳಗೆ ಬಿಡಬೇಕು. ಗರ್ಭಕೋಶದ ರೋಗನಿರೋಧಕ ಶಕ್ತಿಯ ಕೆಲಸವೂ ಹಾಗೆಯೇ. ರೋಗಾಣುಗಳನ್ನು ಅದು ಹೊಡೆದೋಡಿಸಬೇಕು. ಆದರೆ ಅರ್ಧ ಅಂಶ ತಂದೆಯಿಂದ ಬಂದ ಭ್ರೂಣವನ್ನು ಪರಕೀಯವೆಂದು ತಳ್ಳಬಾರದು. ಯಾವಾಗ ಬಿಗಿ, ಯಾವಾಗ ಸಡಿಲ ಎಂಬ ಆಜ್ಞೆ ಬಹುಮಟ್ಟಿಗೆ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ಎಂಬ ಎರಡು ಹಾರ್ಮೋನುಗಳದು.

ಈಸ್ಟ್ರೋಜೆನ್ ಇದ್ದಾಗ ಯೋನಿಮಾರ್ಗದ ಒಳಪದರ ದಪ್ಪವಾಗಿ, ಅದರಲ್ಲಿ ಗ್ಲೈಕೋಜೆನ್ ಎಂಬ ಪಿಷ್ಟ ಸೇರುತ್ತದೆ. ಅದರಿಂದ ಬದುಕುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಸೂಕ್ಷ್ಮಾಣುಗಳು ಆಮ್ಲವನ್ನು ಉಂಟುಮಾಡುತ್ತವೆ. ಆ ಹುಳಿಯಲ್ಲಿ ಅನೇಕ ರೋಗಾಣುಗಳು ಬೆಳೆಯಲಾರವು. ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್‌ಲೈನ್ 1892ರಲ್ಲೇ ಈ ಸೂಕ್ಷ್ಮಾಣುಗಳನ್ನು ವರ್ಣಿಸಿದ್ದರು. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಏರುತ್ತದೆ. ಗರ್ಭಕೋಶದ ಕೊರಳಿನ ಲೋಳೆ ಗಟ್ಟಿಯಾಗಿ ಬಾಗಿಲು ಮುಚ್ಚುತ್ತದೆ. ಒಳಗಿನ ಕಾವಲು ಮಾತ್ರ, ಬರಬಹುದಾದ ಭ್ರೂಣಕ್ಕಾಗಿ, ಸ್ವಲ್ಪ ಸಡಿಲವಾಗುತ್ತದೆ.

ಬಸಿರಿನಲ್ಲಿ ಎರಡೂ ಹಾರ್ಮೋನುಗಳು ಹೆಚ್ಚು. ಗ್ಲೈಕೋಜೆನ್ ಹೆಚ್ಚಾದಾಗ ಬೂಷ್ಟಿನ ಜಾತಿಯ ಕ್ಯಾಂಡಿಡಾ ಕೂಡ ಸುಲಭವಾಗಿ ಬೆಳೆಯುತ್ತದೆ. ಸೊಸೆಯ ತುರಿಕೆಗೆ ಇದೇ ಕಾರಣವಿರಬಹುದು. ಸಕ್ಕರೆ ಕಾಯಿಲೆಯಿದ್ದರೆ ಇನ್ನೂ ಹೆಚ್ಚು. ವಾಸನೆಯಿಲ್ಲದ, ತುರಿಕೆಯಿಲ್ಲದ ತೆಳು ಸೆರಗು ಬಸಿರಿನಲ್ಲಿ ಸಹಜ.

ಅತ್ತೆಯ ಲೆಕ್ಕ ಇದಕ್ಕೆ ತಿರುಗುಮುರುಗು. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿಯುತ್ತದೆ, ಒಳಪದರ ತೆಳುವಾಗುತ್ತದೆ, ಹುಳಿ ಕಡಿಮೆಯಾಗಿ ಕರುಳಿನ ರೋಗಾಣುಗಳು ಮೂತ್ರಮಾರ್ಗದ ಬಳಿ ನೆಲೆಸುತ್ತವೆ. ಮೂತ್ರದ ಸೋಂಕು ಮರುಕಳಿಸುತ್ತಿದ್ದ, ಮುಟ್ಟು ನಿಂತ 93 ಮಹಿಳೆಯರ ಮೇಲೆ ನಡೆದ ಒಂದು ಪರೀಕ್ಷೆಯ ಫಲ 1993ರಲ್ಲಿ ಪ್ರಕಟವಾಯಿತು. ಬರಿಯ ಲೇಪನ ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 5.9 ಸಲ ಸೋಂಕು ಬಂದರೆ, ಈಸ್ಟ್ರೋಜೆನ್ ಲೇಪನ ಹಚ್ಚಿದವರಿಗೆ ಬಂದದ್ದು 0.5 ಸಲ. ಈ ಲೇಪನವನ್ನು ವೈದ್ಯರ ಸಲಹೆಯಿಲ್ಲದೆ ಬಳಸಬಾರದು. ಸ್ತನದ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ತಿಳಿಸಬೇಕು.

ಕಾವಲು ಪೂರ್ತಿ ಸೋತರೆ ಏನಾಗುತ್ತದೆ ಎನ್ನುವುದಕ್ಕೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಉದಾಹರಣೆ. ಅದಕ್ಕೆ ಮೂಲವಾದ ಎಚ್‌ಪಿವಿ ವೈರಸ್ಸನ್ನು ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ತಾನೇ ಅಳಿಸಿಹಾಕುತ್ತದೆ. ಕೆಲವರಲ್ಲಿ ಅದು ಉಳಿದುಬಿಡುತ್ತದೆ. ತಿರುಪ್ಪೂರಿಗೆ ಹೊಂದಿಕೊಂಡ ದಿಂಡಿಗಲ್ ಜಿಲ್ಲೆಯಲ್ಲಿ 30ರಿಂದ 59 ವರ್ಷದ ಮಹಿಳೆಯರಿಗೆ ವಿನಿಗರ್‌ನ ಆಮ್ಲ ಹಚ್ಚಿ ನೋಡುವ ಸರಳ ಪರೀಕ್ಷೆ ಮಾಡಲಾಯಿತು. ಪರೀಕ್ಷೆ ನಡೆದ ಕಡೆ ಈ ಕ್ಯಾನ್ಸರಿನ ಸಾವು ಶೇಕಡಾ 35ರಷ್ಟು ಕಡಿಮೆಯಾಯಿತೆಂದು 2007ರಲ್ಲಿ ವರದಿಯಾಯಿತು. ಈಗ ಹೆಣ್ಣುಮಕ್ಕಳಿಗೆ 9ರಿಂದ 14ನೇ ವಯಸ್ಸಿನಲ್ಲಿ ಹಾಕಿಸುವ ಲಸಿಕೆಯೂ ಇದೆ.

ಮನೆಯಲ್ಲಿ ಪಾಲಿಸಬೇಕಾದ ಮಾತುಗಳು ಕೆಲವೇ. ಯೋನಿಯ ಒಳಭಾಗವನ್ನು ಸೋಪಿನಿಂದ, ಡೆಟ್ಟಾಲಿನಿಂದ ತೊಳೆಯಬೇಡಿ. ಒಳ್ಳೆಯ ಸೂಕ್ಷ್ಮಾಣುಗಳೂ ಸಾಯುತ್ತವೆ. ಗಲ್ಲೆಯ ಮೇಲೆ ಕುಳಿತು ಮೂತ್ರ ಕಟ್ಟಿಕೊಳ್ಳಬೇಡಿ. ಸೂರ್ಯಾಸ್ತದ ನಂತರ ನೀರು ಮುಟ್ಟದ ನಿಯಮವಿರುವವರು ಕಾಯಿಸಿ ಆರಿಸಿದ ನೀರನ್ನು ಹಗಲಿನಲ್ಲೇ ಸಾಕಷ್ಟು ಕುಡಿಯಲಿ. ಬಸುರಿಯರು ಉರಿಮೂತ್ರವನ್ನು ಕಡೆಗಣಿಸಬಾರದು. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರ ಬಳಿ ಹೋಗಲೇಬೇಕು.

ವ್ಯಾಪಾರದಲ್ಲಿ ನಷ್ಟವನ್ನು ಮುಚ್ಚಿಟ್ಟರೆ ಅದು ಬೆಳೆಯುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಯಿಲೆಯ ವಿಷಯವೂ ಹಾಗೆಯೇ. ಅತ್ತೆ ಮೊದಲು ಬಾಯಿ ಬಿಟ್ಟರೆ, ಸೊಸೆಗೂ ಧೈರ್ಯ ಬಂದೀತು.